ಮನುಷ್ಯನ ಹೆಸರಲ್ಲಿ ಒಂದು ಯುಗ ಬೇಕೆ?

ಭೂಮಿಯ ಕಾಲಪಟ್ಟಿಗೆ ‘ಆಂಥ್ರೊಪೊಸೀನ್’ ಎಂಬ ಹೊಸ ಯುಗ ಸೇರಬೇಕೆ? 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನಿಗಳ ಉಪಸಮಿತಿ 12–4 ಮತಗಳಿಂದ ಬೇಡವೆಂದಿತು. ಹಾಗಾಗಿ 11,700 ವರ್ಷಗಳ ಹಿಂದೆ ಶುರುವಾದ ಹೊಲೊಸೀನ್ ಯುಗವೇ ಮುಂದುವರಿದಿದೆ. ವಾದ ಮಾತ್ರ ನಿಂತಿಲ್ಲ. ಕಲಬುರಗಿ ಜಿಲ್ಲೆಯ ವಾಡಿ ಸೀಮೆಯ ಕಲ್ಲು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ.

ಪರ

ವಾಡಿ, ಶಹಾಬಾದ್‌ಗಳ ಸುಣ್ಣದ ಕಲ್ಲು ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದ ಕೆಸರು. ಚಿಪ್ಪಿನ ಪ್ರಾಣಿಗಳು ಇನ್ನೂ ಹುಟ್ಟದಿದ್ದ ಕಾಲದ್ದು. 54 ಕೋಟಿ ವರ್ಷಗಳಿಗಿಂತ ಹಳೆಯದು. ಪದರಗಳ ಸಂದಿಗೆ ಉಳಿ ಇಟ್ಟು ಹೊಡೆದರೆ ಫರ್ಸಿ ಚಪ್ಪಟೆಯಾಗಿ ಎದ್ದು ಬರುತ್ತದೆ. ಅದೇ ಕಲ್ಲು ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಸುಮಾರು 1,450 ಡಿಗ್ರಿ ಕಾವಿಗೆ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ, ಆಗುತ್ತದೆ. ಒಂದು ಟನ್ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನಿಂದಲೇ 440 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ.

ಜಗತ್ತು ಈಗ ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ತಯಾರಿಸುತ್ತಿದೆ. ಇಷ್ಟು ಕಾಂಕ್ರೀಟ್ ಹಿಂದಿನ ಯಾವ ಯುಗದ ಪದರದಲ್ಲೂ ಸಿಗದು. 2000ದಲ್ಲಿ ವಿಜ್ಞಾನಿಗಳಾದ ಪಾಲ್ ಕ್ರುಟ್ಜನ್ ಮತ್ತು ಯೂಜೀನ್ ಸ್ಟೋರ್ಮರ್ ಆಂಥ್ರೊಪೊಸೀನ್ ಎಂಬ ಹೆಸರನ್ನು ಮುಂದಿಟ್ಟದ್ದು ಇಂಥ ಬದಲಾವಣೆಗಳನ್ನು ಕಂಡೇ. ಯುಗಕ್ಕೆ ಖಚಿತವಾದ ಗೆರೆಯೂ ಬೇಕಲ್ಲ? 1952ರಿಂದ ನಡೆದ ಹೈಡ್ರೋಜನ್ ಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಭೂಮಿಯ ಉದ್ದಗಲಕ್ಕೂ ಬಿದ್ದಿದೆ. ಕೆನಡಾದ ಕ್ರಾಫರ್ಡ್ ಸರೋವರದ ಕೆಸರಿನಲ್ಲಿ ಅದು ವರ್ಷ ವರ್ಷದ ಲೆಕ್ಕದಲ್ಲಿ ಓದಲು ಸಿಗುತ್ತದೆ.

ವಿರೋಧ

ಬಾಂಬಿನ ಗುರುತು ಸ್ಪಷ್ಟ, ನಿಜ. ಆದರೆ ಮನುಷ್ಯ ಭೂಮಿಯನ್ನು ಅಗೆಯಲು ತೊಡಗಿದ್ದು 1952ರಲ್ಲೇ?

ವಾಡಿಗೆ ಹೆಚ್ಚು ದೂರವಲ್ಲದ, ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಉತ್ಖನನ ಮಾಡಿದರು. ಆದಿಮಾನವರು ಇದೇ ಭೀಮಾ ನದಿ ಸೀಮೆಯ ಸುಣ್ಣದ ಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಕಡೆದ ಜಾಗ ಅದು. ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇದೇ ಬಗೆಯ ಕಲ್ಲು ಬೌದ್ಧ ಸ್ತೂಪವಾಯಿತು; ಅಶೋಕನ ಹೆಸರು ಕೆತ್ತಿದ ಉಬ್ಬುಶಿಲ್ಪ ಸಿಕ್ಕಿದ್ದೂ ಅಲ್ಲೇ. ಕಾಡು ಕಡಿದದ್ದು, ದನ ಸಾಕಿದ್ದು, ಭತ್ತ ಬೆಳೆದದ್ದು ಒಂದೊಂದು ನಾಡಿನಲ್ಲಿ ಒಂದೊಂದು ಕಾಲಕ್ಕೆ. ಇವೆಲ್ಲವನ್ನೂ ಗೆರೆಯ ಆಚೆ ಬಿಟ್ಟು ಈಚಿನದನ್ನಷ್ಟೇ ಮನುಷ್ಯನ ಯುಗವೆಂದರೆ, ಮನುಷ್ಯನ ದೊಡ್ಡ ಪಾಲನ್ನೇ ಅಳಿಸಿದಂತೆ.

ಇನ್ನೊಂದು ತಕರಾರು ಇದಕ್ಕಿಂತ ಭಾರವಾದದ್ದು. ಚಿಂಚೋಳಿ ಕಡೆ ಹೋದರೆ ಸುಣ್ಣದ ಕಲ್ಲಿನ ಮೇಲೆ ಸುಮಾರು 6.6 ಕೋಟಿ ವರ್ಷ ಹಳೆಯ ದಖ್ಖನ್ ಲಾವಾದ ಕರಿಗಲ್ಲು ಕೂತಿದೆ. ಎರಡರ ನಡುವೆ 45 ಕೋಟಿಗೂ ಹೆಚ್ಚು ವರ್ಷಗಳ ದಾಖಲೆ ಬಹುಪಾಲು ಇಲ್ಲವೇ ಇಲ್ಲ. ಕಲ್ಲು ಅಷ್ಟು ದೀರ್ಘ ಕಾಲವನ್ನೇ ನುಂಗುವಾಗ, ಒಬ್ಬ ಅಜ್ಜನ ಆಯುಸ್ಸಿನಷ್ಟಿರುವ ಎಪ್ಪತ್ತು ವರ್ಷವನ್ನು ಯುಗವೆನ್ನುವುದು ಆತುರವೇ ಸರಿ.

ಹಾಗೆಂದು ವಾಡಿಯ ಚಿಮಣಿಗಳ ಹೊಗೆಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಮನುಷ್ಯನ ಪ್ರಭಾವವನ್ನು ‘ಘಟನೆ’ ಎಂದು ಕರೆಯೋಣ ಎಂಬುದು ವಿರೋಧಿಗಳಲ್ಲಿ ಹಲವರ ಸಲಹೆ. 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಏರತೊಡಗಿದ್ದನ್ನೂ ವಿಜ್ಞಾನಿಗಳು ಮಹಾ ಘಟನೆ ಎಂದೇ ಕರೆಯುತ್ತಾರೆ. ಅದಕ್ಕೆ ಕಾಲಪಟ್ಟಿಯಲ್ಲಿ ಪ್ರತ್ಯೇಕ ಯುಗ ಕೊಟ್ಟಿಲ್ಲ.