ಮಲ್ಲಿಗೆಗೆ ಕಟ್ಟೆಯಿದೆ, ಮನುಷ್ಯನಿಗೆ?

ಶಂಕರಪುರದ ಕಟ್ಟೆಯಲ್ಲಿ ದಿನಾ ಮಲ್ಲಿಗೆಯ ದರ ನಿಗದಿಯಾಗುತ್ತದೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಕಟ್ಟುವ ಹೆಂಗಸರಿಗೆಲ್ಲ, ಅವರು ಯಾವ ಧರ್ಮದವರೇ ಇರಲಿ, ಈ ಲೆಕ್ಕ ಬಾಯಿಪಾಠ. ಇದೇ ಹೂ ಮುಂಬಯಿಗೂ ಗಲ್ಫಿಗೂ ಹೋಗುತ್ತದೆ. ಅದು ಬಾಡದೆ ತಲುಪಬೇಕೆಂದು ಬಾಳೆನಾರಿನಿಂದ ಹಿಡಿದು ವಿಮಾನದ ವೇಳೆಯವರೆಗೆ ಕಾಳಜಿ ವಹಿಸುವವರಿದ್ದಾರೆ. ಅದೇ ಮನೆಯ ಮಗನೂ ಅದೇ ಗಲ್ಫಿಗೆ ಹೋಗುತ್ತಾನೆ. ಅವನ ಲೆಕ್ಕ ಯಾರ ಬಳಿ ಇದೆ?

ನಮಗೆ ಉರ್ದು ಬರುತ್ತದೆಂದು ಜನ ಅರಬಿ ಕಾಗದಗಳನ್ನೂ ತರುತ್ತಾರೆ. ಲಿಪಿ ಹತ್ತಿರದ್ದು, ಭಾಷೆ ಬೇರೆ ಎಂದರೆ ಯಾರೂ ನಂಬುವುದಿಲ್ಲ. ಒಮ್ಮೆ ಒಬ್ಬ ತಾಯಿ ಮಗನ ಕರಾರುಪತ್ರ ತಂದರು. "ಇದ್ರಲ್ಲಿ ಅವ ಯಾವಾಗ ಬರ್ತಾನೆ ಅಂತ ಉಂಟಾ ಸಾಹೇಬ್ರೇ?" ಪಕ್ಕದಲ್ಲಿದ್ದ ಇಂಗ್ಲಿಷ್ ಓದಿ ನೋಡಿದೆವು. ಎರಡು ವರ್ಷಕ್ಕೊಮ್ಮೆ ರಜೆ ಎಂದಿತ್ತು. ಆಗ ಮೂರನೆಯ ವರ್ಷ ನಡೆಯುತ್ತಿತ್ತು. ಪಾಸ್‌ಪೋರ್ಟ್ ಮಾಲಕರ ಕಪಾಟಿನಲ್ಲಿತ್ತು.

ದೊಡ್ಡ ಕಂಪೆನಿಗಳು ತಮ್ಮ ಇಂಜಿನಿಯರನ್ನು ಹೊರದೇಶಕ್ಕೆ ಕಳಿಸುವಾಗ ವೀಸಾ, ವಿಮೆ, ಮನೆ, ಮಕ್ಕಳ ಶಾಲೆ, ಮರಳುವ ಟಿಕೆಟು ನೋಡಿಕೊಳ್ಳಲು ಜನರನ್ನೇ ನೇಮಿಸುತ್ತವೆ. ಅದನ್ನು ಯಾರೂ ದಾನವೆನ್ನುವುದಿಲ್ಲ, ಹೊಣೆ ಎನ್ನುತ್ತಾರೆ. ಗಾರೆಯವನ, ಡ್ರೈವರನ, ಅಡುಗೆಯವನ ವಿಷಯ ಬಂದಾಗ ಮಾತ್ರ ಆ ಹೊಣೆಯೇ ಉಪಕಾರವಾಗಿಬಿಡುತ್ತದೆ.

ಕಾನೂನು ಇಲ್ಲವೆಂದಲ್ಲ. ಹತ್ತನೆಯ ತರಗತಿ ದಾಟದೆ ಗಲ್ಫಿಗೆ ದುಡಿಯಲು ಹೋಗುವವನಿಗೆ 1983ರ ಕಾಯ್ದೆಯಡಿ ಎಮಿಗ್ರೇಶನ್ ಅನುಮತಿ ಬೇಕು. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸತ್ತವನ ಕುಟುಂಬಕ್ಕೆ 10 ಲಕ್ಷ. 'ಅಲ್ಲಿ ಹೋಗಿ ಬದಲಿಸಿಕೊಂಡರಾಯಿತು' ಎಂದು ವಿಸಿಟ್ ವೀಸಾದಲ್ಲಿ ವಿಮಾನ ಹತ್ತಿಸಿದವನಿಗೆ ಇವೆರಡೂ ಇಲ್ಲ. ಇನ್ನು ಅವನು ಮಲಗುವ ಜಾಗ? 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಹತ್ತಾರು ಭಾರತೀಯರು ಸತ್ತರು.

ಇದಕ್ಕೆಲ್ಲ ಅರಬರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಕಾರ್ಮಿಕನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು ಯುಎಇ, ಸೌದಿ, ಕತಾರ್ ದೇಶಗಳ ಕಾನೂನುಗಳೇ ನಿಷೇಧಿಸಿವೆ. ಆ ಕಪಾಟಿನ ಬೀಗದ ಕೈ ಕೆಲವೊಮ್ಮೆ ನಮ್ಮೂರಿನವರ ಜೇಬಿನಲ್ಲೇ ಇರುತ್ತದೆ. ಅವರು ರಜೆಗೆ ಬಂದಾಗ ನಾವು ಶಾಲು ಹೊದಿಸುತ್ತೇವೆ, ಮಲ್ಲಿಗೆ ಹಾರ ಹಾಕುತ್ತೇವೆ. ಆ ವೇದಿಕೆಗಳಲ್ಲಿ ನಾವೂ ಕುಳಿತಿದ್ದೇವೆ, ಚಪ್ಪಾಳೆ ತಟ್ಟಿದ್ದೇವೆ. ಕಟ್ಟಡಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳಿದೆವು. ಕೆಲಸದವರ ಸಂಬಳ ಎಷ್ಟು ತಿಂಗಳು ಬಾಕಿಯಿದೆ ಎಂದು ಕೇಳಲಿಲ್ಲ.

ಹೀಗೆಲ್ಲ ಕೇಳಿದರೆ ನಾಳೆ ನಮ್ಮ ಹುಡುಗರಿಗೆ ಕೆಲಸ ಕೊಡುವವರು ಯಾರು ಎನ್ನುವವರಿದ್ದಾರೆ. ಕಟ್ಟೆಯಲ್ಲಿ ದರ ಕಟ್ಟಿದ್ದಕ್ಕೆ ಮಲ್ಲಿಗೆ ಕೊಳ್ಳುವವರು ಓಡಿಹೋದರೇ?

ನೆರೆಯ ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಇಲಾಖೆಯನ್ನು ತೆರೆಯಿತು. ನಮ್ಮ ಸರಕಾರವನ್ನೂ ಕೇಳೋಣ. ಅಲ್ಲಿಯವರೆಗೆ ಪ್ರತಿ ಜಮಾಅತ್, ಇಗರ್ಜಿ, ಯುವಕ ಮಂಡಲ ಒಂದು ಪುಸ್ತಕ ಇಡಲಿ. ಯಾರು ಹೋದರು, ಯಾವ ವೀಸಾ, ಯಾರ ಕಂಪೆನಿ, ಪಾಸ್‌ಪೋರ್ಟ್ ಯಾರ ಬಳಿ, ಕೊನೆಯ ಸಂಬಳ ಎಂದು ಬಂತು ಎಂಬುದೆಲ್ಲ ಅದರಲ್ಲಿರಲಿ. ಮುಂದಿನ ಸನ್ಮಾನಕ್ಕೆ ಹಾರ ತರಿಸುವ ಮುನ್ನ ಆ ಪುಸ್ತಕವನ್ನೊಮ್ಮೆ ತೆರೆದು ನೋಡೋಣ.