ಉತಾರದ ಅಕ್ಷರ ಕಾಣುವಂತಿರಲಿ

ಬಬಲೇಶ್ವರದ ಸೇವಾ ಕೇಂದ್ರದಲ್ಲಿ ಜಮೀನಿನ ಉತಾರ (ಪಹಣಿ) ತೆಗೆಸಲು ಹೋದರೆ ಕಂಪ್ಯೂಟರಿನ ಹುಡುಗರು, ‘ಹೆಸರು ಬರೋಬ್ಬರಿ ಐತೇನ್ ನೋಡ್ರಿ ಕಾಕಾ’ ಎಂದು ಪರದೆ ತಿರುಗಿಸುತ್ತಾರೆ. ಚಾಳೀಸು ಹಾಕಿಕೊಂಡರೂ ಒತ್ತಕ್ಷರ ಯಾವುದು, ದೀರ್ಘ ಯಾವುದು ತಿಳಿಯದು. ತಪ್ಪು ಉಳಿದರೆ ತಿದ್ದುಪಡಿಗೆ ಅಲೆಯುವವರು ನಾವೇ. 1920×1080 ಚುಕ್ಕಿಗಳ ಸಣ್ಣ ಪರದೆಯಲ್ಲಿ ಅವು ಒತ್ತೊತ್ತಾಗಿರುವುದರಿಂದ ಅಕ್ಷರವೂ ಕಿರಿದು. ಕೆಲವರು ಚುಕ್ಕಿಗಳ ಸಂಖ್ಯೆಯನ್ನೇ, ಅಂದರೆ ರೆಸಲ್ಯೂಷನ್ನನ್ನೇ ಇಳಿಸುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ಆದರೆ ಮಸುಕು. ರೆಸಲ್ಯೂಷನ್ ಮುಟ್ಟದೆ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲನ್ನು ಶೇ 125 ಇಲ್ಲವೇ 150ಕ್ಕೆ ಏರಿಸಿದರೆ ಒತ್ತಕ್ಷರವೂ ನಿಚ್ಚಳ. ಬ್ರೌಸರ್‌ನಲ್ಲಾದರೆ ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರಾಯಿತು. ಪೈಸೆ ಖರ್ಚಿಲ್ಲ! ಸೇವಾ ಕೇಂದ್ರಗಳ ಸಿಬ್ಬಂದಿಗೆ ಇಷ್ಟನ್ನು ಕಲಿಸಿ, ಸಾಧ್ಯವಿದ್ದಲ್ಲಿ ರೈತರ ಕಡೆಗೂ ಒಂದು ಪರದೆ ಇಡಿಸಬೇಕೆಂದು ತಾಲ್ಲೂಕು ಆಡಳಿತಕ್ಕೆ ವಿನಂತಿ.

– ಒಬ್ಬ ರೈತ, ಬಬಲೇಶ್ವರ