ಟವೆಲಿನಲ್ಲಿ ಸುತ್ತಿದ ಬಾಟಲಿ

ಮಕ್ಕಳೇ, ಈ ಸಲ ಹುಳಿ, ಗೊಜ್ಜು ಯಾವುದೂ ಇಲ್ಲ. ನಿಮ್ಮ ಅಮ್ಮಂದಿರು ಹುಬ್ಬೇರಿಸಲಿ, ವೈನ್ ವಿಷಯ ಬರೆಯುತ್ತೇನೆ.

ಫ್ರಾನ್ಸಿನಿಂದ ರಜೆಗೆ ಬಂದ ಮಗನ ಬಟ್ಟೆ ಒಗೆಯಲು ತೆಗೆದಾಗ ಟವೆಲಿನಲ್ಲಿ ಸುತ್ತಿದ ಬಾಟಲಿ ಸಿಕ್ಕಿತು. "ಫ್ರೆಂಡಿಗೆ ತಂದಿದ್ದಮ್ಮಾ" ಅಂದ. ಆರನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟಾಗಿನ ಅದೇ ಮುಖ! ನನಗೆ ಬೇಜಾರಾದದ್ದು ಬಾಟಲಿಗಲ್ಲ, ಟವೆಲಿಗೆ. ಇಪ್ಪತ್ತೆಂಟು ವರ್ಷದವನು ನನ್ನಿಂದ ಬಚ್ಚಿಡಬೇಕೇ? "ಫ್ರಿಜ್ಜಿನಲ್ಲಿಡು, ನಾನೂ ರುಚಿ ನೋಡುತ್ತೇನೆ" ಅಂದೆ.

ಲೇಬಲ್ ಮೇಲೆ ಕೋತ್ ದ ಗಾಸ್ಕೊನ್ಯ ಎಂದಿತ್ತು. ಇಂಗ್ಲಿಷ್ ಬಿ.ಎ. ಮಾಡಿದ ನನಗೆ ಗ್ಯಾಸ್ಕನಿ ಎಂದರೆ 'ತ್ರೀ ಮಸ್ಕೆಟಿಯರ್ಸ್' ಕಾದಂಬರಿಯ ದಾರ್ತಾನ್ಯಾನ ಊರು, ಅಷ್ಟೇ. ಮಗ ವಿವರಿಸಿದ. ಫ್ರಾನ್ಸಿನ ನೈಋತ್ಯ ಮೂಲೆಯ ಈ ಸೀಮೆಯಲ್ಲಿ ಊನಿ ಬ್ಲಾಂ, ಕೊಲೊಂಬಾರ್ ಎಂಬ ಬಿಳಿ ದ್ರಾಕ್ಷಿ ಬೆಳೆಯುತ್ತಿದ್ದುದು ಹೆಚ್ಚಾಗಿ ಬಟ್ಟಿ ಇಳಿಸಿ ಆರ್ಮನ್ಯಾಕ್ ಎಂಬ ಬ್ರಾಂದಿ ಮಾಡುವುದಕ್ಕೆ. ಅದಕ್ಕೆ ಗಿರಾಕಿ ಕಡಿಮೆಯಾದಾಗ, 1980ರ ದಶಕದಲ್ಲಿ, ತಾರಿಕೆಯ ಗ್ರಾಸಾ ಮನೆತನದಂಥವರು ಅದೇ ದ್ರಾಕ್ಷಿಯ ರಸವನ್ನು ತಂಪಿನಲ್ಲಿಟ್ಟು, ಘಮ ಹಾರಿಹೋಗದಂತೆ ಹುದುಗಿಸಿ, ಹಗುರವಾದ ಬಿಳಿ ವೈನ್ ಮಾಡಿದರು. ಬೋರ್ಡೋದಷ್ಟು ದೊಡ್ಡ ಹೆಸರಿಲ್ಲ, ಹಾಗಾಗಿ ಅಗ್ಗ. ಇವನು ಕೊಟ್ಟದ್ದು ಏಳು ಯೂರೋ.

ಸ್ಟೀಲ್ ಲೋಟ ತಂದೆ, ಗಾಜಿನದೇ ಆಗಬೇಕಂತೆ. ಬಗ್ಗಿ ಮೂಸಿದರೆ, ಅಯ್ಯೋ, ಚಕ್ಕೋತದ ಸಿಪ್ಪೆ! ನನ್ನ ತವರು ದೇವನಹಳ್ಳಿ. ಈಗ ನೀವು ವಿಮಾನ ಇಳಿಯುವ ಊರು ಚಕ್ಕೋತಕ್ಕೆ ಹೆಸರುವಾಸಿ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗುಟುಕು ಒಳಗಿಳಿದಾಗ ಸಿಹಿ ಇರಲಿಲ್ಲ, ಚುರುಕು ಹುಳಿ. ನಾಲಿಗೆಯ ಅಂಚಿನಲ್ಲಿ ನೀರೂರಿತು. ಚೆನ್ನೈ ಸೆಕೆಗೆ ಹಿತವೇ. ಆದರೆ ಮಾತಾಡುತ್ತಾ ಬೆಚ್ಚಗಾಗಲು ಬಿಟ್ಟೆ ನೋಡಿ, ಬರೀ ನಿಂಬೆನೀರಾಯಿತು. ಖಾರದ ಕೋಡುಬಳೆಯ ಜೊತೆ ಬಾಯಿ ಉರಿಯಿತು. ಉಪ್ಪು ಹಾಕಿ ಹುರಿದ ಗೋಡಂಬಿಯೇ ವಾಸಿ. ಎರಡನೇ ಗುಟುಕಿಗೆ ಸಾಕೆಂದೆ. ನನಗೆ ಕಾಫಿಯೇ ದೇವರು.

"ನಮ್ಮೂರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಗೆ ಇದಕ್ಕಿಂತ ಘಮ ಜಾಸ್ತಿ ಕಣೋ" ಅಂದೆ. ದಪ್ಪ ಸಿಪ್ಪೆಯ ಆ ಹುಳಿ ಹಣ್ಣು ಜ್ಯೂಸಿಗೆ, ಜಾಮಿಗೆ, ಅಗ್ಗದ ವೈನಿಗೆ ಹೋಗುತ್ತದೆ. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಮನೆತನದವರು ಒಳ್ಳೆಯ ವೈನಿಗೆಂದು ನೆಟ್ಟದ್ದು ಫ್ರೆಂಚ್ ತಳಿಗಳನ್ನು. ಬೆಂಗಳೂರು ಬ್ಲೂಗೆ ಇನ್ನೂ ಒಬ್ಬ ಗ್ರಾಸಾ ಸಿಕ್ಕಿಲ್ಲ ಎಂದು ನನ್ನ ಹೊಟ್ಟೆಯುರಿ.

ಅಷ್ಟರಲ್ಲಿ ವಾಕಿಂಗ್ ಮುಗಿಸಿ ನಮ್ಮ ಮನೆಯವರು ಬಾಗಿಲು ತಟ್ಟಿದರು. ಮಗನ ಕೈ ತಾನಾಗಿ ಟವೆಲಿನ ಕಡೆ ಹೋಯಿತು. "ಇರಲಿ ಬಿಡೋ" ಎಂದು ಇನ್ನೊಂದು ಗ್ಲಾಸು ತರಲು ಒಳಗೆ ಹೋದೆ.